ದಪ್ಪಕ್ಕೆ ಕೊಯ್ಯದ ಕಡ್ಡಿ

ಕೃಷ್ಣೆಯ ತೆಂಕಣ ದಂಡೆಯಿಂದ, ೨೨೧೮ನೇ ಇಸವಿ, ಶ್ರಾವಣದ ನಲವತ್ತೊಂದನೇ ದಿನ.

ನನಗಿಂತ ಎಷ್ಟೋ ತಲೆಮಾರು ಹಿಂದೆ ಕೂತು, ಉಕ್ಕಿನ ಹಲಗೆಗಳನ್ನು ಎಳೆದು ನೋಡಿ ಸಹಿ ಹಾಕುವ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಮಳೆ ನಿಲ್ಲುವವರೆಗೆ ಶ್ರಾವಣ ಮುಗಿಯುವುದಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ, ಹೌದು, ಅದು ಇನ್ನೂ ಇದೆ! ಕನ್ನಡ ಬರೆಯಲು ಕಲಿಸಿದವಳು ಅಜ್ಜಿ. ಮಾತಿಗೆ ಕ್ಷಮೆ ಕೇಳಿದೆ, ಸಿಟ್ಟಿಗೆ ಕೇಳುವುದಿಲ್ಲ.

ನನಗೆ ಮದುವೆಯಾಗಿದೆ! ಅವರ ಹೆಸರು ಕಾಡಸಿದ್ಧ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ಬಲಗೆನ್ನೆ ಯಾಕೋ ಬಿಗುಮಾನ. ಇದನ್ನೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೆಂದರೆ, ಆ ಗುಳಿ ಈಗ ನದಿಯ ಆಚೆ ಇದೆ, ನಾನು ಈಚೆ ಇದ್ದೇನೆ, ಅದಕ್ಕೆ ಕಾರಣ ನೀವು.

ನಮ್ಮ ಕಡೆ ಹಿಟ್ಟಿನ ಗಿರಣಿ ಇದ್ದಂತೆ ಊರಿಗೊಂದು ಎಳೆಮನೆ ಇರುತ್ತದೆ. ಲೋಹದ ತುಂಡನ್ನು ಎರಡು ತುದಿಗೆ ಹಿಡಿದು, ಹರಿಯುವವರೆಗೆ ಎಳೆದು ನೋಡುವ ಮನೆ. ನಾನು ಅಲ್ಲಿ ಕೆಲಸ ಮಾಡುತ್ತೇನೆ. ಅಜ್ಜಿ ಚಿಕ್ಕವಳಿದ್ದಾಗ ಮೇಲಿನ ಊರಿನ ಸೇತುವೆ ಒಂದು ದಿಬ್ಬಣದ ಸಮೇತ ನೀರಿಗೆ ಬಿತ್ತು. ಮದುಮಗಳು ಅಜ್ಜಿಯ ಅಕ್ಕ. ಅಂದಿನಿಂದ ಯಾವ ದಿಬ್ಬಣವೂ ಸೇತುವೆಯ ಸಾಕ್ಷಿಕಡ್ಡಿ ಎಳೆಯದೆ ದಾಟುವುದಿಲ್ಲ. ಸೇತುವೆಯ ಹಲಗೆಯಿಂದಲೇ ಉದ್ದಕ್ಕೆ ಒಂದು ಕಡ್ಡಿ ಕೊಯ್ದು, ಎಲ್ಲರೆದುರು ಎಳೆಯುತ್ತಾರೆ. ಒಳ್ಳೆಯ ಉಕ್ಕು ಮೊದಲು ಉದ್ದವಾಗುತ್ತದೆ, ಆಮೇಲೆ ನಡುವೆ ಸಣ್ಣಗಾಗಿ ಕುತ್ತಿಗೆ ಮೂಡುತ್ತದೆ, ಕೊನೆಗೆ ಹರಿಯುತ್ತದೆ. ಸಾಯುವ ಮೊದಲು ಹೇಳಿ ಸಾಯುತ್ತದೆ. ಕುತ್ತಿಗೆ ಕಂಡೊಡನೆ ಹೆಂಗಸರು ಸೋಬಾನೆ ಎತ್ತುತ್ತಾರೆ. ತಾಳಿ ಕಟ್ಟಿದ ವರ ಮೊದಲೇ ದಾಟಿಹೋಗಿ ಆಚೆ ದಂಡೆಯಲ್ಲಿ ಆರತಿಯವರ ಜೊತೆ ಕಾಯುತ್ತಾನೆ.

ನನ್ನ ಮದುವೆಯ ಕಡ್ಡಿಗೂ ಸೊಗಸಾದ ಕುತ್ತಿಗೆ ಬಂತು. ನಾದಿನಿ ಶಾವಂತ್ರಿ ನನ್ನನ್ನು ತಿವಿದಳು: "ವೈನಿ, ನಿಮ್ಮ ನಡಕಿಂತ ಇದ ಸಣ್ಣ ಆಗೇತಿ ನೋಡ್ರಿ!" ಎಲ್ಲರೂ ನಕ್ಕರು, ನಾನೂ ನಕ್ಕೆ. ಖುಷಿ ಹೆಚ್ಚಾಗಿ, ನನ್ನ ಮದುವೆಗೆ ಇನ್ನೊಂದು ಕಡ್ಡಿ ಎಳೆಯೋಣ, ಅದೂ ಯಾರೂ ಎಳೆಯದಂಥದ್ದು ಎಂದು ಹಟ ಹಿಡಿದೆ. ಸೇತುವೆಯನ್ನು ಮೇಲಿನಿಂದ ಎತ್ತಿ ಹಿಡಿಯುವ ತೂಗುಸರಳು ಬೆಸುಗೆಯಾಗಿರುವಲ್ಲಿ ಹಲಗೆಯ ದಪ್ಪಕ್ಕೆ, ಮೇಲಿನಿಂದ ಕೆಳಕ್ಕೆ, ಬೆರಳುದ್ದದ ಕಡ್ಡಿ ಕೊಯ್ಯಿಸಿದೆ. ಅದು ಉದ್ದವಾಗಲಿಲ್ಲ. ಕುತ್ತಿಗೆ ಬರಲಿಲ್ಲ. ಬಿಸ್ಕತ್ತಿನಂತೆ ಪಟ್ಟನೆ ಮುರಿಯಿತು. ಸೋಬಾನೆಗೆ ಬಾಯಿ ತೆರೆದವರು ಹಾಗೇ ನಿಂತರು.

ಹಿರಿಯರೇ, ಇದು ನಿಮಗೆ ಗೊತ್ತಿತ್ತು! ಹಲಗೆಯನ್ನು ಲಟ್ಟಿಸುವಾಗ ಒಳಗೆ ಉಳಿದ ಕಸ ಚಪ್ಪಟೆಯಾಗಿ, ಉಕ್ಕು ಚಿರೋಟಿಯಂತೆ ಪದರುಪದರಾಗುತ್ತದೆ. ಉದ್ದಕ್ಕೆ ಎಳೆದರೆ ಗಟ್ಟಿ, ಪದರು ಬಿಡಿಸಿದರೆ ಸುಲಭ. ಉಕ್ಕು ಹಿಗ್ಗಬೇಕಾದರೆ ಅದರ ಒಳಗಿನ ಕಣಗಳು ಒಂದು ಪಕ್ಕಕ್ಕೆ ಜಾರಬೇಕು. ಬೆಸುಗೆಯಲ್ಲಿ ಮೂರೂ ಕಡೆಯಿಂದ ಒಟ್ಟಿಗೆ ಎಳೆತ ಬಿದ್ದರೆ ಜಾರಲು ಜಾಗವೇ ಇಲ್ಲ. ಆಗ ಮೆದು ಉಕ್ಕೂ ಗಾಜಿನ ಹಾಗೆ ಒಡೆಯುತ್ತದೆ. ನಿಮ್ಮ ಪುಸ್ತಕಗಳಲ್ಲಿ ಇದಿದೆ, ನಾನು ಓದಿದ್ದೇನೆ, ಚಿತ್ರಸಹಿತ ಇದೆ! ಆದರೂ ನೀವು ಕಡ್ಡಿಯನ್ನು ಉದ್ದಕ್ಕೇ ಕೊಯ್ದಿರಿ, ಏಕೆಂದರೆ ಅದು ಸುಲಭ, ಏಕೆಂದರೆ ಅದರ ವರದಿ ಚೆಂದ. ಒಂದು ದಿಕ್ಕಿನ ಸಂಖ್ಯೆ ಬರೆದು ಮೂರು ದಿಕ್ಕಿನ ಎಳೆತಕ್ಕೆ ಸಹಿ ಹಾಕಿದಿರಿ. ನಾವು ಮೂಢರು, ನಿಮ್ಮ ರೂಢಿಯನ್ನೇ ಶಾಸ್ತ್ರ ಮಾಡಿಕೊಂಡೆವು. ಅಜ್ಜಿಯ ಅಕ್ಕನ ಸೇತುವೆಯದ್ದೂ ಇದೇ ಹಲಗೆ. ಅದು ಬಿದ್ದ ಮೇಲೆ ಎಳೆದ ಕಡ್ಡಿಗಳಿಗೂ ಚೆಂದದ ಕುತ್ತಿಗೆಯೇ ಬಂದಿತ್ತು. ಹಾಗಾಗಿ ತಪ್ಪನ್ನೆಲ್ಲ ಅವಳ ಕಾಲ್ಗುಣದ ಮೇಲೆ ಹಾಕಿದರು. ಸತ್ತವಳ ಮೇಲೆ!

ಸೇತುವೆ ಮುಚ್ಚಲು ಹುಕುಮು ಬರೆದವಳು ನಾನೇ, ಮದುವೆಯ ಸೀರೆಯಲ್ಲಿ ನಿಂತು. ಉಳಿದ ಸೇತುವೆಗಳದ್ದೂ ಅದೇ ಹಲಗೆ, ಅವೂ ಮುಚ್ಚಿದವು. ಹೊಳೆ ತುಂಬಿದೆ, ದೀಪಾವಳಿಯವರೆಗೆ ದೋಣಿ ಇಲ್ಲ. ಸೋದರಮಾವ ಬಾಳಪ್ಪ ದಿನವೂ ಬಂದು ಕೂಡುತ್ತಾನೆ: "ಏನವಾ, ಇಷ್ಟ ವರ್ಸಾ ನಿಂತೈತಿ. ನೀ ಒಬ್ಬಾಕಿ ದಾಟಿದ್ರ ಬೀಳತೈತೇನು? ನೀ ಏನ್ ಆನೀ ಏನು?" ಬಹುಶಃ ಬೀಳುವುದಿಲ್ಲ, ಮಾವ. ಆದರೆ ಈ ಉಕ್ಕು ಹೇಳಿ ಬೀಳುವುದಿಲ್ಲ. ನಾನು ದಾಟಿದರೆ ನಾಳೆ ಊರೇ ದಾಟುತ್ತದೆ.

ನಮ್ಮವರು ಆಚೆ ದಂಡೆಯಿಂದ ಫೋನಿನಲ್ಲಿ ನಗಿಸುತ್ತಾರೆ. "ಏ ಕಸ್ತೂರಿ, ಹೋಳಿಗಿ ಎಲ್ಲಾ ನಾನ ತಿಂದ ಮುಗಿಸೀನಿ. ನೀ ಬರೂದ್ರಾಗ ನನಗೊಂದ ಸಾಕ್ಷಿಕಡ್ಡಿ ಬೇಕಾಕ್ಕೈತಿ, ಅಷ್ಟ ದಪ್ಪ ಆಗೀನಿ." ನಗುತ್ತೇನೆ. ಫೋನಿಟ್ಟ ಮೇಲೆ ನಿಮ್ಮನ್ನು ಬೈಯುತ್ತೇನೆ, ಅಜ್ಜಿ ಕಲಿಸಿದ, ಬರೆಯಬಾರದ ಕನ್ನಡದಲ್ಲಿ.

ನಾಳೆ ಬೆಳಗ್ಗೆ ಸೇತುವೆಯನ್ನು ಕಳಚಿ ಇಳಿಸುತ್ತಾರೆ. ಆ ಹುಕುಮಿಗೂ ನಾನೇ ಸಹಿ ಹಾಕಿದೆ. ಅವರು ಆಚೆ ನಿಂತು ನೋಡುತ್ತಾರಂತೆ.

ನಿಮ್ಮ ದಿನದಲ್ಲಿ ಆ ಹಲಗೆ ಇನ್ನೂ ಸೇತುವೆಗೆ ಹೋಗದೆ ನಿಮ್ಮ ಅಂಗಳದಲ್ಲಿ ಬಿದ್ದಿದೆ. ನನಗೆ ನಿಮ್ಮ ಪಶ್ಚಾತ್ತಾಪ ಬೇಡ, ಆಶೀರ್ವಾದವಂತೂ ಬೇಡ. ಎದ್ದು ಹೋಗಿ. ಗರಗಸವನ್ನು ತಿರುಗಿಸಿ, ದಪ್ಪಕ್ಕೆ ಒಂದು ಕಡ್ಡಿ ಕೊಯ್ಯಿರಿ, ಎಳೆಯಿರಿ, ಮುರಿದರೆ ಹಲಗೆಯನ್ನು ವಾಪಸು ಕಳಿಸಿ. ಹಾಗೆ ಮಾಡಿದರೆ ಅಜ್ಜಿಗೆ ಅಕ್ಕ ಉಳಿಯುತ್ತಾಳೆ, ನಾನು ಎಂದೋ ಆಚೆ ದಂಡೆ ಸೇರಿರುತ್ತೇನೆ, ಈ ಕಾಗದ ಬರೆಯಲು ನನಗೆ ಪುರಸೊತ್ತೇ ಇರುವುದಿಲ್ಲ.

ಈಚೆ ದಂಡೆಯ
ಕಸ್ತೂರಿ ಕಾಡಸಿದ್ಧ