ಕನ್ನಡಕ ತೆಗೆದಿಟ್ಟು ಸತ್ತ ಸೈನಿಕ

ಕೋಟೆಯ ಹಿಂಭಾಗ
(ಕೋಟೆಗೆ ಮುಂಭಾಗ ಮಾತ್ರ ಇದೆ. ಹಿಂದೆ ಬರೀ ಪ್ಲೈವುಡ್ಡು, ಗೂಟ ಮತ್ತು ನಾನು)
ಮಾರ್ಚ್ ೧೪, ಶುಕ್ರವಾರ ಸಂಜೆ

ಸಕಲ ಜನರ ದೃಷ್ಟಿದೋಷ ನಿವಾರಕಿಯೂ, ಕನ್ನಡಕದಂಗಡಿಯ ಕೌಂಟರಿನ ಏಕಮಾತ್ರ ಅಧಿಪತಿಯೂ, ನನ್ನ ಕಿವಿ ಹಿಂಡುವ ಹಕ್ಕನ್ನು ನಾನು ಹುಟ್ಟಿದ ದಿನದಿಂದಲೇ ಪಡೆದವಳೂ ಆದ ಅಕ್ಕನಿಗೆ,

ಎರಡೂ ಸೇನೆಗಳ ಪರವಾಗಿ ತಮ್ಮನ ನಮಸ್ಕಾರಗಳು. ಇವತ್ತು ಹಲವು ಸಲ ಸತ್ತೆ. ಅದು ಬಿಟ್ಟರೆ ಆರೋಗ್ಯ ಚೆನ್ನಾಗಿದೆ.

ಪತ್ರ ತಡವಾಯಿತು, ಕ್ಷಮಿಸು. ಹೋದ ತಕ್ಷಣ ಬರೆಯುತ್ತೇನೆ ಎಂದು ಬಸ್ಸಿನ ಕಿಟಕಿಯಿಂದ ಕೂಗಿದವನು ನಾನೇ. ಆದರೆ ಹೆಣಕ್ಕೆ ಪೆನ್ನು ಸಿಗುವುದು ಸುಲಭವಲ್ಲ. ಮೊಬೈಲನ್ನು ಬೆಳಿಗ್ಗೆ ಗೇಟಿನಲ್ಲೇ ಕಿತ್ತುಕೊಂಡು ಸಂಜೆ ಕೊಡುತ್ತಾರೆ, ರಾಜನ ಫೋಟೋ ಹೊರಗೆ ಹೋದೀತೆಂಬ ಭಯಕ್ಕೆ. ಸಂಜೆ ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಮನೆಗೆ ಮಾಡಿದರೆ ಅಮ್ಮ ಸ್ಪೀಕರ್ ಹಾಕುತ್ತಾಳೆ. ಅಂಗಡಿಗೆ ಮಾಡಿದರೆ ನೀನು "ಗಿರಾಕಿ ಇದ್ದಾರೆ, ಆಮೇಲೆ" ಅನ್ನುತ್ತೀಯ, ಆ ಆಮೇಲೆ ಯಾವತ್ತೂ ಬರುವುದಿಲ್ಲ. ಅದಕ್ಕೇ ಈ ಪತ್ರವನ್ನು ಅಂಗಡಿಗೆ, ನಿನ್ನ ಕೈಗೇ ತಲುಪಿಸುತ್ತಿದ್ದೇನೆ. ತರುವವನು ನಮ್ಮ ಬಟ್ಟೆ ವ್ಯಾನಿನ ಡ್ರೈವರ್. ಎರಡೂ ಸೇನೆಗಳ ಬಟ್ಟೆಯನ್ನು ರಾತ್ರಿ ನಿಮ್ಮ ಅಂಗಡಿ ಹಿಂದಿನ ಲಾಂಡ್ರಿಗೆ ಹಾಕಿ, ಬೆಳಿಗ್ಗೆ ಒಗೆದದ್ದನ್ನು ಹೊತ್ತು ತರುತ್ತಾನೆ. ಮೂಗು ಮುಚ್ಚಿಕೊಳ್ಳಬೇಡ, ಅದು ಇತಿಹಾಸದ ವಾಸನೆ.

ಇಲ್ಲಿನ ಕ್ರಮ ಹೇಳುತ್ತೇನೆ, ನನಗೂ ಪೂರ್ತಿ ಅರ್ಥವಾಗಿಲ್ಲ. ಸಿನಿಮಾದಲ್ಲಿ ಎರಡು ಮಹಾಸೇನೆಗಳು, ನೀಲಿ ಮತ್ತು ಕೆಂಪು. ಜನ ಮಾತ್ರ ಸಾಲದು. ಆದ್ದರಿಂದ ಬೆಳಿಗ್ಗೆ ಅರ್ಧ ಜನ ನೀಲಿ, ಅರ್ಧ ಜನ ಕೆಂಪು. ಊಟವಾದ ಮೇಲೆ ಕ್ಯಾಮೆರಾ ಆಚೆ ಬದಿಗೆ ಹೋಗುತ್ತದೆ, ನಾವು ಬಟ್ಟೆ ಅದಲುಬದಲು ಮಾಡಿಕೊಳ್ಳುತ್ತೇವೆ. ಇದ್ದಷ್ಟೇ ಜನ ಎರಡರಷ್ಟಾಗಿ ಕಾಣುತ್ತಾರಂತೆ. ಅಂದರೆ ಬೆಳಿಗ್ಗೆ ಯಾವ ವೈರಿಯಿಂದ ನಾಡನ್ನು ಕಾಪಾಡುತ್ತೇನೋ, ಮಧ್ಯಾಹ್ನ ಆ ವೈರಿ ನಾನೇ. ಮೊದಲ ದಿನ ಊಟ ಮುಗಿಸಿ ಕೆಂಪು ಅಂಗಿ, ನೀಲಿ ಪೇಟ ಹಾಕಿಕೊಂಡು ಓಡಿ, ಎರಡೂ ಕಡೆಯವರಿಂದ ಒದೆ ತಿಂದೆ. ಇಷ್ಟು ನಿಷ್ಪಕ್ಷಪಾತವಾಗಿ ಒದೆ ತಿಂದ ಯೋಧ ಚರಿತ್ರೆಯಲ್ಲೇ ಇನ್ನೊಬ್ಬನಿಲ್ಲ ಎಂದು ನನ್ನ ನಂಬಿಕೆ.

ಈ ಯುದ್ಧ ಯಾಕೆ ನಡೆಯುತ್ತಿದೆ ಎಂದು ಎಲ್ಲರನ್ನೂ ಕೇಳಿದೆ. ಬಟ್ಟೆ ಕೊಡುವವರು "ನೆಲಕ್ಕಾಗಿ" ಅಂದರು. ಊಟ ಬಡಿಸುವವರು "ಹುಡುಗಿ ವಿಷಯ ಇರಬೇಕು ಕಣಪ್ಪ, ಇನ್ನೇನಿರುತ್ತೆ" ಅಂದರು. ಧೈರ್ಯ ಮಾಡಿ ನಿರ್ದೇಶಕರನ್ನೇ ಕೇಳಿದೆ. ಅವರು ಆಕಾಶ ನೋಡಿ, "ಮೋಡ ಬರೋದರೊಳಗೆ ಮುಗಿಸಬೇಕು" ಅಂದರು. ಇದ್ದುದರಲ್ಲಿ ಅದೇ ಸಮಂಜಸವಾದ ಕಾರಣ.

ಪ್ರತಿಯೊಬ್ಬನಿಗೂ ಒಬ್ಬ ಜೋಡಿ ಇರುತ್ತಾನೆ. ಗುಂಪಿನಲ್ಲಿ ಯಾರೋ ಯಾರಿಗೋ ಬೀಸಿದರೆ ನಿಜವಾಗಿಯೇ ಕಣ್ಣು ಹೋಗುತ್ತದೆ, ಅದಕ್ಕೆ ಈ ಏರ್ಪಾಡು. ಬೆಳಿಗ್ಗೆ ಅವನು ನನ್ನನ್ನು ಕೊಲ್ಲಬೇಕು, ಮಧ್ಯಾಹ್ನ ನಾನು ಅವನನ್ನು. ನನ್ನ ಜೋಡಿ ವಯಸ್ಸಾದವರು. ಎಷ್ಟೋ ವರ್ಷಗಳಿಂದ ಬರೀ ಸಾಯುವ ಕೆಲಸವನ್ನೇ ಮಾಡಿಕೊಂಡು ಬಂದಿದ್ದಾರಂತೆ. ಎಲ್ಲರೂ ಅವರನ್ನು 'ಹಿರಿಯ ಹೆಣ' ಅನ್ನುತ್ತಾರೆ, ಎದುರಿಗೇ. ಅವರೂ ಓಗೊಡುತ್ತಾರೆ. ಬೀಳುವಾಗ ಮೊಣಕೈ ಒಳಗೆ ಎಳೆದುಕೊಳ್ಳುವುದು, ಉಸಿರಾಟ ಕಾಣದ ಹಾಗೆ ಹೊಟ್ಟೆ ಕೆಳಗಾಗಿ ಮಲಗುವುದು, ಎಲ್ಲ ಅವರೇ ಕಲಿಸಿದರು. "ಮರೀ, ಸಾಯೋಕೆ ಅವಸರ ಮಾಡಬೇಡ. ಅವಸರದಲ್ಲಿ ಸತ್ತೋರು ಕ್ಯಾಮೆರಾಗೆ ಕಾಣಲ್ಲ" ಅನ್ನುತ್ತಾರೆ. ನನ್ನ ತಟ್ಟೆಗೆ ತಮ್ಮ ತಟ್ಟೆಯಿಂದ ಎರಡು ತುತ್ತು ಹಾಕಿ, "ತಿನ್ನು, ಮಧ್ಯಾಹ್ನ ನನ್ನ ಕೊಲ್ಲೋಕೆ ಶಕ್ತಿ ಬೇಕು" ಅನ್ನುತ್ತಾರೆ.

ಇವತ್ತು ಬೆಳಿಗ್ಗೆ ನನ್ನಿಂದ ಒಂದು ಮಹಾಪರಾಧವಾಯಿತು. ಮೊದಲ ಸಾಲಿನಲ್ಲಿ ಸಾಯುವ ಭಾಗ್ಯ ಸಿಕ್ಕಿತ್ತು, ಕ್ಯಾಮೆರಾ ಪಕ್ಕದಲ್ಲೇ. ಹಿರಿಯ ಹೆಣ ಈಟಿ ಚುಚ್ಚಿದರು. ನಾನು ಎದೆ ಹಿಡಿದುಕೊಂಡೆ, ಅರ್ಧ ಸುತ್ತು ತಿರುಗಿದೆ, ಕುಳಿತೆ. ಆಮೇಲೆ ನನಗೇ ಗೊತ್ತಿಲ್ಲದೆ, ಇಲ್ಲದ ಕನ್ನಡಕವನ್ನು ಎರಡೂ ಕೈಯಿಂದ ಮೆಲ್ಲಗೆ ತೆಗೆದು, ಇಲ್ಲದ ಜೇಬಿಗೆ ಹಾಕಿ, ಮಲಗಿ ಪ್ರಾಣಬಿಟ್ಟೆ.

ಚಿಕ್ಕಂದಿನಲ್ಲಿ ನೀನು ಕಲಿಸಿದ ಸಾವು, ಅಕ್ಕ. ನನಗೆ ಬೇರೆ ಥರ ಸಾಯಲು ಬರುವುದೇ ಇಲ್ಲ.

ಮೈಕಿನಲ್ಲಿ ಫೈಟ್ ಮಾಸ್ಟರ್: "ಕಟ್, ಕಟ್. ಆ ನೀಲಿಯವನು ಏನಯ್ಯ ತೆಗೆದಿಟ್ಟ? ಕವಚದಲ್ಲಿ ಜೇಬೆಲ್ಲಿಂದ ಬಂತು?" ನಾನು ಹೆಣವಾಗಿದ್ದರಿಂದ ಉತ್ತರಿಸಲಿಲ್ಲ. ನಿರ್ದೇಶಕರು ಮಾನಿಟರಿನಲ್ಲಿ ಮತ್ತೆ ಹಾಕಿಸಿ ನೋಡಿದರಂತೆ. "ಆ ಕಾಲದಲ್ಲಿ ಕನ್ನಡಕ ಇತ್ತಾ?" ಎಂದು ಸಹಾಯಕಿಯನ್ನು ಕೇಳಿದರಂತೆ. ಆಕೆ ಗಂಭೀರವಾಗಿ, "ವಿಚಾರಿಸಿ ಹೇಳ್ತೀನಿ ಸಾರ್" ಅಂದಳಂತೆ. ಕುದುರೆಗಳನ್ನೂ ಸೇರಿಸಿ ಸಮಸ್ತ ಸೈನ್ಯ ಮತ್ತೆ ಮೈದಾನದ ಆ ತುದಿಗೆ ಹೋಗಿ ನಿಂತಿತು. ಎಲ್ಲರೂ ನನ್ನನ್ನು ನೋಡಿದ ನೋಟದಲ್ಲಿ ಮೊದಲ ಬಾರಿಗೆ ಎರಡೂ ರಾಜ್ಯಗಳು ಒಂದಾಗಿದ್ದವು. ಶಾಂತಿ ಸ್ಥಾಪನೆಯ ಶ್ರೇಯಸ್ಸು ನನಗೇ ಸಲ್ಲಬೇಕು.

ಆಮೇಲೆ ಇನ್ನೊಂದು ಸಣ್ಣ ವಿಷಯ ನಡೆಯಿತು. ಅದಿರಲಿ.

ನಿನ್ನ ಹೊಸ ಕಪಾಟು ಬಂತೇ? ಓನರ್ ಈಗಲೂ ಗಿರಾಕಿಗಳಿಗೆ ಅಕ್ಷರದ ಬೋರ್ಡನ್ನು ತಾವೇ ಓದಿ ಹೇಳಿಬಿಡುತ್ತಾರೆಯೇ? ಅಮ್ಮನ ಮೊಣಕಾಲು ಹೇಗಿದೆ? ಅವಳಿಗೆ ನಾನು ಇನ್ನೂ ಲೈಟು ಹೊರುವ ಕೆಲಸದಲ್ಲೇ ಇದ್ದೇನೆ ಎಂದೇ ಹೇಳು. ಹೊರಡುವಾಗ ಸಿನಿಮಾ ಎಂದ ತಕ್ಷಣ ಅವಳ ಮುಖ ಹೇಗಾಯಿತೆಂದು ನೀನೇ ನೋಡಿದೆಯಲ್ಲ.

ನಾಳೆ ಕೊನೆಯ ದೃಶ್ಯ: ಯುದ್ಧ ಮುಗಿದ ಮೈದಾನ. ರಾಜ ಹೆಣಗಳ ನಡುವೆ ಒಬ್ಬನೇ ನಡೆದು ಹೋಗುತ್ತಾನೆ. ನಾವೆಲ್ಲ ದಿನವಿಡೀ ಮಲಗಿರಬೇಕು. ಮಲಗಿದ್ದಕ್ಕೆ ಕೂಲಿ ಕೊಡುವ ಇಂಥ ಧರ್ಮರಾಜ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಮ್ಮನಾದವನು ಆಶೀರ್ವಾದ ಮಾಡಬಾರದು. ಆದರೆ ನಾಡಿಗಾಗಿ, ಅದೂ ಎರಡೆರಡು ನಾಡಿಗಾಗಿ, ಸತ್ತವನಿಗೆ ಆ ಹಕ್ಕು ಇರಲೇಬೇಕು. ನಿನ್ನ ಕಣ್ಣು ತಂಪಾಗಿರಲಿ, ಕಪಾಟಿನ ಗಾಜು ಒಡೆಯದಿರಲಿ, ಅಮ್ಮ ರಾತ್ರಿ ಚೆನ್ನಾಗಿ ನಿದ್ದೆ ಮಾಡಲಿ.

ಇಂತಿ,
ಉಭಯ ಸೇನಾ ಮೃತವೀರ,
ನಿನ್ನ ತರಲೆ

ತಾ.ಕ.: ಆ ಸಣ್ಣ ವಿಷಯ.

ನಾನು ಕನ್ನಡಕ ತೆಗೆದಿಟ್ಟು ಸತ್ತಾಗ ಹಿರಿಯ ಹೆಣ ಈಟಿ ಹಿಡಿದು ನನ್ನ ಮೇಲೆ ಬಾಗಿ ನಿಂತಿದ್ದರು. ಮೈಕು ಕಿರುಚುವ ಮೊದಲು, ನನಗೆ ಮಾತ್ರ ಕೇಳುವ ಹಾಗೆ ಅವರು ಒಂದು ಮಾತು ಹೇಳಿದರು. "ಕನ್ನಡಕ ಒಡೆದರೆ ಅಮ್ಮ ಇನ್ನೊಂದು ಸಲ ಸಾಯಿಸ್ತಾಳೆ."

ಅಕ್ಕ, ಅದು ಅಪ್ಪನ ಮಾತು. ನೀನೇ ಹೇಳಿದ್ದೆ. ನೀನು ಪೊರಕೆ ಕಡ್ಡಿಯಲ್ಲಿ ಚುಚ್ಚಿದರೆ ಅಪ್ಪ ಹೀಗೇ ಎದೆ ಹಿಡಿದು, ಸುತ್ತಿ, ಕುಳಿತು, ಈ ಮಾತು ಹೇಳಿ ಕನ್ನಡಕ ಜೇಬಿಗೆ ಹಾಕಿ ಬೀಳುತ್ತಿದ್ದ ಎಂದು. ನೀನು ಹೆದರಿ ಹತ್ತಿರ ಹೋಗಿ ಬಾಗಿದರೆ ಒಂದೇ ಕಣ್ಣು ತೆರೆಯುತ್ತಿದ್ದ ಎಂದು. ನಾನು ಆಗ ತೊಟ್ಟಿಲಲ್ಲಿದ್ದೆ. ಆ ಮಾತನ್ನು ಇಲ್ಲಿ ನಾನು ಯಾರಿಗೂ ಹೇಳಿಲ್ಲ. ಇವತ್ತು ನಾನು ಬಾಯಿ ಬಿಟ್ಟೇ ಇರಲಿಲ್ಲ.

ಊಟಕ್ಕೆ ಕುಳಿತಾಗ ಕೇಳಿದೆ, "ಅಣ್ಣಾ, ಆ ಮಾತು ನಿಮಗೆ ಹೇಗೆ ಗೊತ್ತು?" ಅವರು ಎತ್ತಿದ ತುತ್ತು ಕೆಳಗಿಟ್ಟರು. "ಆ ಥರ ಬೀಳೋದು ನಿಂಗೆ ಯಾರು ಹೇಳಿಕೊಟ್ರು ಮರೀ?" ಅಂದರು. ಅಕ್ಕ ಅಂದೆ. ತಟ್ಟೆ ಹಾಗೇ ಬಿಟ್ಟು ಕೈ ತೊಳೆಯಲು ಎದ್ದರು. ಇವತ್ತು ನನಗೆ ತುತ್ತು ಹಾಕಲಿಲ್ಲ.

ಮಧ್ಯಾಹ್ನ ನನ್ನ ಸರದಿ. ಚುಚ್ಚಿದೆ. ಅವರು ಯಾವತ್ತಿನಂತೆ ಬೀಳಲಿಲ್ಲ. ಎದೆ ಹಿಡಿದುಕೊಂಡರು, ಅರ್ಧ ಸುತ್ತು, ಕುಳಿತರು, ಕನ್ನಡಕ ತೆಗೆದರು. ನನ್ನದಕ್ಕಿಂತ ಎಷ್ಟು ಚೆನ್ನಾಗಿತ್ತೆಂದರೆ, ಅವರ ಬೆರಳುಗಳ ನಡುವೆ ಕನ್ನಡಕದ ಕಡ್ಡಿ ಮಡಚಿದ್ದು ನನಗೆ ಕಂಡಿತು. ಮಲಗಿದರು. ನಾನು ಮುಂದಕ್ಕೆ ಓಡಬೇಕಿತ್ತು. ಓಡಲಿಲ್ಲ. ಬಾಗಿ ನೋಡಿದೆ. ಮೈಕು ಬೈಯುತ್ತಲೇ ಇತ್ತು, ನಾನು ಬಾಗಿಯೇ ಇದ್ದೆ. ಅವರು ಕಣ್ಣು ತೆರೆಯಲಿಲ್ಲ.

ಸಂಜೆ ಅಂಟಿಸಿದ ಗಡ್ಡ ತೆಗೆದ ಮೇಲೆ ಮುಖ ನೋಡೋಣ ಎಂದು ಮೇಕಪ್ ಡೇರೆಯ ಮುಂದೆ ಕಾದೆ. ಅಂಟು ಕಿತ್ತರೆ ಉರಿಯುತ್ತದೆ ಎಂದು ಗಡ್ಡದ ಜೊತೆಯೇ ಮೊದಲ ಬಸ್ಸು ಹತ್ತಿ ಹೋದರಂತೆ. ನೋಡಿದ್ದರೂ ನನಗೇನು ಗೊತ್ತಾಗುತ್ತಿತ್ತು? ನನಗೆ ಗೊತ್ತಿರುವುದು ಗೋಡೆಯ ಮೇಲಿನ ಫೋಟೋ. ಅದರಲ್ಲಿ ಅಪ್ಪನಿಗಿಂತ ಕನ್ನಡಕವೇ ದೊಡ್ಡದು.

ಅಪ್ಪ ಹೋದದ್ದು ಅಪಘಾತದಲ್ಲಿ ಎಂದಿರಿ. ದೂರದ ಊರು, ಎಲ್ಲ ಅಲ್ಲೇ ಮುಗಿಸಿದೆವು ಎಂದಿರಿ. ಸುದ್ದಿ ಕೇಳಿ ಸೋದರಮಾವನ ಜೊತೆ ಹೋದ ಅಮ್ಮ ಬರಿಗೈಯಲ್ಲಿ ಬಂದಳು ಎಂದೆ ನೀನು. ಟಿವಿಯಲ್ಲಿ ಯುದ್ಧದ ದೃಶ್ಯ ಬಂದರೆ ಅಮ್ಮ ಚಾನೆಲ್ ಬದಲಾಯಿಸುತ್ತಾಳಲ್ಲ, ರಕ್ತ ನೋಡಲಾರಳು ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಆ ಗುಂಪಿನಲ್ಲಿ ನಾವು ಯಾರನ್ನೋ ನೋಡಿಬಿಟ್ಟೇವು ಎಂದು ಹೆದರುತ್ತಿದ್ದಳೇ? ಅಥವಾ ಅಪ್ಪನ ಜೊತೆ ಎಂದೋ ಕೆಲಸ ಮಾಡಿದ ಯಾರೋ ಇವರು, ಅವನಿಂದ ಆ ಮಾತು ಕಲಿತವರು? ಒಂದು ಗಳಿಗೆ ಹಾಗೆ, ಒಂದು ಗಳಿಗೆ ಹೀಗೆ. ನಾನು ಯಾವ ಸೇನೆಯಲ್ಲಿದ್ದೇನೆ ಎಂಬುದೇ ತಿಳಿಯುತ್ತಿಲ್ಲ.

ಅವತ್ತು ನೀನು ಅಪ್ಪನ ಮುಖ ನೋಡಿದ್ದೆಯಾ ಅಕ್ಕ? ಅಥವಾ ನಿನಗೂ ಯಾರೋ ಬಂದು ಹೇಳಿದ್ದಷ್ಟೇ?

ಉತ್ತರ ಬರೆಯಬೇಡ. ಬೆಳಿಗ್ಗೆ ಇಲ್ಲಿಗೆ ಬರುವ ವ್ಯಾನಿನಲ್ಲಿ ಡ್ರೈವರ್ ಪಕ್ಕದ ಸೀಟು ಖಾಲಿ ಇದೆ, ಅವನಿಗೆ ಹೇಳಿದ್ದೇನೆ. ಅಮ್ಮನಿಗೆ ಹೊಸ ಸ್ಟಾಕು ಬರುತ್ತದೆ, ಬೇಗ ಹೋಗಬೇಕು ಅನ್ನು. ನಾಳೆ ಸಂಜೆ ಎಲ್ಲರ ಲೆಕ್ಕ ಚುಕ್ತಾ ಮಾಡಿ ಕಳಿಸಿಬಿಡುತ್ತಾರೆ, ಆಮೇಲೆ ಅವರನ್ನು ಎಲ್ಲಿ ಹುಡುಕಲಿ? ಹಗಲಿಡೀ ನಾವು ಮಲಗಿರುತ್ತೇವೆ. ಜೋಡಿಗಳನ್ನು ಅಕ್ಕಪಕ್ಕದಲ್ಲೇ ಮಲಗಿಸುತ್ತಾರೆ. ಇಂಥ ದೃಶ್ಯವಿದ್ದ ದಿನ ಊಟದ ಬಿಡುವಿನಲ್ಲೂ ಹಿರಿಯ ಹೆಣ ಏಳುವುದಿಲ್ಲವಂತೆ, ಜಾಗ ತಪ್ಪುತ್ತದೆ ಎಂದು. ಆಗ ಬಾ. ನನ್ನ ಪಕ್ಕದವರ ಹತ್ತಿರ ಕುಳಿತು ಬಾಗಿ ನೋಡು. ನನಗೆ ತೆರೆಯದ ಕಣ್ಣು ನಿನಗೆ ತೆರೆದೀತು.