ಏಳನೇ ಅಧ್ಯಾಯದ ಅಪರಾಧಿ

ವರ್ಕಾಡಿ
೧೭ ಜನವರಿ ೨೦೨೫, ಶುಕ್ರವಾರ

ಪ್ರೀತಿಯ ತಮ್ಮ ಜನಾರ್ದನನಿಗೆ,

ನಿನ್ನ ಬೆನ್ನುನೋವು ಹೇಗಿದೆ? ಕುರ್ಚಿ ಬಿಟ್ಟು ಏಳದವರಿಗೆ ಬೆನ್ನು ನೋಯದೆ ಇನ್ನೇನಾಗುತ್ತದೆ? ಆಗಾಗ ಎದ್ದು ನಡೆಯಲು ತೃಪ್ತಿ ಹೇಳುತ್ತಿರಬಹುದು, ಹೆಂಡತಿಯ ಮಾತನ್ನಾದರೂ ಕೇಳು. ಧಾರವಾಡದಲ್ಲಿ ಈಗ ಚಳಿ ಇರಬೇಕು, ಕಾಲೇಜಿಗೆ ಹೋಗುವಾಗ ಕಿವಿ ಮುಚ್ಚಿಕೊಂಡು ಹೋಗು. ಅಮ್ಮನ ಮಂಡಿನೋವು ಹಾಗೆಯೇ ಇದೆ, ಕಣ್ಣು ಮಾತ್ರ ನಿನಗಿಂತ ಚುರುಕು. ಫೋನ್ ಬಿಟ್ಟು ಕಾಗದ ಏಕೆ ಎಂದು ನೀನು ಕೇಳಬಹುದು. ಫೋನ್ ಮಾಡಿದರೆ ಅಮ್ಮ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕು ಎನ್ನುತ್ತಾಳೆ, ಇದು ಅವಳ ಕಿವಿಗೆ ಬೀಳಬಾರದ ಮಾತು. ಅಲ್ಲದೆ ನನಗೆ ಬಂದಿರುವ ಸಿಟ್ಟು ಫೋನಿನಲ್ಲಿ ಮುಗಿಯುವಂಥದ್ದಲ್ಲ.

ನಿನ್ನ ಕಾದಂಬರಿ ತಲುಪಿತು. ನಮ್ಮ ಜಗಲಿಯ ಕ್ರಮ ನಿನಗೆ ಮರೆತಿರಲಾರದು. ಮಧ್ಯಾಹ್ನದ ಊಟವಾದ ಮೇಲೆ ಅಕ್ಕಪಕ್ಕದ ಹೆಂಗಸರು ಮೊರ ಹಿಡಿದುಕೊಂಡು ಬಂದು ಅಮ್ಮನ ಜೊತೆ ಬೀಡಿ ಕಟ್ಟಲು ಕೂರುತ್ತಾರೆ, ನಾನು ಓದುತ್ತೇನೆ, ನನ್ನ ಪಾಲಿನ ಬೀಡಿಯನ್ನು ಅವರೆಲ್ಲ ಸೇರಿ ಕಟ್ಟಿಕೊಡುತ್ತಾರೆ. ಅವರ ದುಡಿಮೆ ತಿಂದು ಓದುವವಳು ನಾನು, ಕೆಟ್ಟ ಪುಸ್ತಕ ಓದಿದರೆ ಅವರ ಮುಖ ನೋಡಲು ನನಗೇ ನಾಚಿಕೆ. ನಮ್ಮ ಗ್ರಂಥಾಲಯದ ಕನ್ನಡ ಕಪಾಟನ್ನು ಹೀಗೆಯೇ ಖಾಲಿ ಮಾಡಿದೆ. ಪತ್ತೇದಾರಿ ಕಾದಂಬರಿ ಎಂದರೆ ನಿನಗೀಗ ಮೂಗು ಮುರಿಯುವ ವಿಷಯ, ಸಂದರ್ಶನದಲ್ಲಿ ಹೇಳಿದ್ದನ್ನು ಓದಿದ್ದೇನೆ. ಆದರೆ ಪತ್ತೇದಾರಿ ಬರೆಯುವವನಿಗೆ ಒಂದು ನಿಯತ್ತು ಬೇಕು ಮಾರಾಯ. ಕೊನೆಯ ಪುಟದಲ್ಲಿ ಯಾವನನ್ನೋ ಕರೆತಂದು ಇವನೇ ಕೊಲೆಗಾರ ಎಂದರೆ ಪಕ್ಕದ ಮನೆಯ ಅಮ್ಮಣಿ ಅಕ್ಕ ಕತ್ತರಿ ಕೆಳಗಿಟ್ಟು ಬೈಯುತ್ತಾಳೆ. ಆ ದಿನ ಯಾರು ಎಲ್ಲಿದ್ದರು ಎಂದು ವಿಚಾರಿಸದೆ ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ಈಗಿನ ದೊಡ್ಡ ಕಾದಂಬರಿಗಳಲ್ಲಿ ಇದೊಂದೂ ಬೇಡ. ಒಬ್ಬ ಕಿಟಕಿಯ ಹೊರಗೆ ನೋಡುತ್ತಾ ನಿಲ್ಲುತ್ತಾನೆ, ಪುಟಗಟ್ಟಲೆ ನಿಂತೇ ಇರುತ್ತಾನೆ. "ಇವನಿಗೆ ಬೇರೆ ಕೆಲಸ ಎಂತದೂ ಇಲ್ವಾ?" ಎಂದು ಅಮ್ಮಣಿ ಅಕ್ಕ ಕೇಳಿದಳು. ಆ ಕಾದಂಬರಿಗೂ ಪ್ರಶಸ್ತಿ ಬಂದಿತ್ತು. ನಾನು ಎಲ್ಲವನ್ನೂ ಹಳಿಯುತ್ತಿಲ್ಲ, ಕೆಲವನ್ನು ಓದಿ ಮುಗಿಸಿದ ಮೇಲೆ ನಾವೆಲ್ಲ ಅನ್ನಕ್ಕೆ ನೀರಿಡುವುದನ್ನೂ ಮರೆತು ಕೂತದ್ದಿದೆ.

ಮಗನ ಪುಸ್ತಕ ಬಂತೆಂದು ಅಮ್ಮ ಆ ದಿನ ಒಗೆದ ಸೀರೆ ಉಟ್ಟು ಕೂತಳು. ಮೊದಲ ಅಧ್ಯಾಯಗಳಿಗೆ ಎಲ್ಲರೂ ನಕ್ಕರು. ನೀನು ಹೆಸರು ಬದಲಾಯಿಸಿದರೇನು, ಜಗಲಿ ನಮ್ಮದೇ, ಮಂಡಿನೋವು ಅಮ್ಮನದೇ. ನಾನು ಹಿಂದಿನ ರಾತ್ರಿಯೇ ಮುಂದಕ್ಕೆ ಓದಿದ್ದೆ, ಆದ್ದರಿಂದ ಏಳನೇ ಅಧ್ಯಾಯ ಬಂದಾಗ ಸುಮ್ಮನೆ ಹಾಳೆ ಹಾರಿಸಿ ಮುಂದೆ ಹೋದೆ. ಅಮ್ಮ ತಲೆ ಎತ್ತಲಿಲ್ಲ. ಎಲೆ ಕತ್ತರಿಸುತ್ತಲೇ, "ಒಟ್ಟಿಗೆ ತುಂಬ ಹಾಳೆ ಮಗುಚಿದೆ ನೀನು. ಹಿಂದೆ ಹೋಗು," ಎಂದಳು. ನಾನು ಸುಳ್ಳು ಹೇಳಲು ನೋಡಿದೆ. "ಅವನು ಬರೆದದ್ದನ್ನೇ ಓದು ವಸು," ಎಂದಳು.

ಓದಿದೆ. ಹುಡುಗನೊಬ್ಬ ಪೆಟ್ಟಿಗೆ ತುಂಬ ಕೂಡಿಟ್ಟ ಪತ್ತೇದಾರಿ ಪುಸ್ತಕಗಳನ್ನು ತಾಯಿ ಬಚ್ಚಲೊಲೆಗೆ ಹಾಕಿ ಸುಡುವುದನ್ನು ಓದಿದೆ. ಅವಳು ಕೋಲು ಹಿಡಿದು ಬೆಂಕಿ ಕೆದಕುವುದನ್ನು ಓದಿದೆ. "ಓದು ಬಾರದವಳಿಗೆ ಪುಸ್ತಕವೆಂದರೆ ಒಣಗಿದ ಸೌದೆ," ಪತ್ರಿಕೆಯವರು ಎತ್ತಿ ಎತ್ತಿ ಹೊಗಳಿದ ನಿನ್ನ ಆ ಸಾಲನ್ನೂ ಓದಿದೆ. ಹೆಂಗಸರೆಲ್ಲ ಅಮ್ಮನನ್ನು ನೋಡಿದರು. ಅಮ್ಮ ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮೊರದಲ್ಲಿಟ್ಟಳು. "ಚಂದ ಬರೆದಿದ್ದಾನೆ," ಎಂದಳು. ಜನಾರ್ದನ, ಆ ಪುಸ್ತಕದಿಂದಲೇ ನಿನ್ನ ತಲೆಗೆ ಬಾರಿಸಬೇಕು ಎನಿಸಿತು ನನಗೆ.

ಕೊಲೆಯ ಕತೆಗಳನ್ನೇ ಓದಿ ಬೆಳೆದವನಲ್ಲವೇ ನೀನು? ಅಂದು ಮನೆಯಲ್ಲಿ ಯಾರಿದ್ದರು ಎಂದು ಒಂದು ಸಲವಾದರೂ ಕೇಳಿದೆಯಾ? ನಾನಿದ್ದೆ, ಜ್ವರ ಬಂದು ಮಲಗಿದ್ದೆ. ಅಮ್ಮ ಕಟ್ಟಿದ ಬೀಡಿ ಕೊಟ್ಟು ಬರಲು ಕಂಪನಿಯ ಬ್ರಾಂಚಿಗೆ ಹೋಗಿದ್ದಳು. ನೀನು ಗಣಿತದ ಪುಸ್ತಕದೊಳಗೆ ಕಾದಂಬರಿ ಇಟ್ಟು ಓದುತ್ತಿದ್ದುದನ್ನು ಹಿಡಿದ ಹೆಡ್‌ಮಾಸ್ತರರು ಅಪ್ಪನನ್ನು ಹೊಸಂಗಡಿಯ ಟೈಲರ್ ಅಂಗಡಿಯಿಂದ ಕರೆಸಿ, ಎಲ್ಲರೆದುರು ಅವರ ಮಾನ ಕಳೆದಿದ್ದರು. ಅಪ್ಪ ಮಧ್ಯಾಹ್ನವೇ ಮನೆಗೆ ಬಂದರು. ನೇರವಾಗಿ ನಿನ್ನ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ಒಲೆಗೆ ಸುರಿದರು. ಅಮ್ಮ ಬಂದು ನೋಡಿದವಳು ಕೋಲಿನಿಂದ ಎಳೆದಳು, ಕೋಲಿಗೆ ಸಿಗದಾಗ ಕೈಯನ್ನೇ ಹಾಕಿದಳು. ನೀನು ಶಾಲೆಯಿಂದ ಬಂದು ಕಂಡದ್ದು ಅವಳನ್ನು, ಕೋಲನ್ನು. ಅಷ್ಟಕ್ಕೇ ತೀರ್ಪು ಕೊಟ್ಟೆ. ಅರ್ಧ ಸುಟ್ಟ ಒಂದು ಪುಸ್ತಕ ಉಳಿಯಿತೆಂದು ನೀನೇ ಬರೆದಿದ್ದೀಯ, ಅದನ್ನೇನು ಒಲೆ ತಾನಾಗಿ ಉಗುಳಿತೇ? ಹನ್ನೆರಡನೇ ಅಧ್ಯಾಯದಲ್ಲಿ ತಾಯಿಯ ಬಲಗೈಯ ಕಲೆಯನ್ನು ವರ್ಣಿಸಿ, ಗಂಜಿ ಚೆಲ್ಲಿ ಸುಟ್ಟದ್ದು ಎಂದೆ. ಸುಳಿವನ್ನೆಲ್ಲ ಸ್ವಂತ ಕೈಯಿಂದ ಬರೆದಿಟ್ಟು, ನಿರಪರಾಧಿಯನ್ನು ಹಿಡಿದ ಪತ್ತೇದಾರ ನೀನೊಬ್ಬನೇ ಇರಬೇಕು.

ಆ ಸಂಜೆ ಅಪ್ಪ ಊಟ ಮಾಡಲಿಲ್ಲ. ಆ ಪುಸ್ತಕಗಳಲ್ಲಿ ಹೆಚ್ಚಿನವನ್ನು ಕಾಸರಗೋಡಿಗೆ ಹೋದಾಗೆಲ್ಲ ನಿನಗೆ ತಂದುಕೊಟ್ಟವರು ಅವರೇ ಅಲ್ಲವೇ. ಅಪ್ಪ ಎಂದರೆ ನಿನಗೆ ಪ್ರಾಣ. ಅವರೇ ಸುಟ್ಟದ್ದೆಂದು ತಿಳಿದರೆ ಹುಡುಗ ತಡೆದುಕೊಳ್ಳಲಾರ ಎಂದು ಅಮ್ಮ ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು. ನನ್ನ ಬಾಯಿಯನ್ನೂ ಕಟ್ಟಿದಳು. ಅಪ್ಪ ಹೋದ ಮೇಲೂ ಬಿಚ್ಚಗೊಡಲಿಲ್ಲ. ನೀನು ಅಪ್ಪನನ್ನು ದೇವರು ಮಾಡಿ ಬರೆದೆ, ಪುಸ್ತಕವನ್ನು ಅವರಿಗೇ ಅರ್ಪಿಸಿದೆ. ಅದು ಹಾಗೆಯೇ ಇರಲಿ, ಅಪ್ಪ ಕೆಟ್ಟವರಲ್ಲ, ಒಂದು ಮಧ್ಯಾಹ್ನದ ಮಟ್ಟಿಗೆ ಬುದ್ಧಿ ಕೆಟ್ಟಿತ್ತು. ಆದರೆ ಈಗ ಗ್ರಂಥಾಲಯದವರು ಅಚ್ಚು ಹಾಕಿಸಿದ ಆಮಂತ್ರಣ ನೋಡಿದೆ. ಮುಂದಿನ ತಿಂಗಳು ನಿನಗೆ ಸನ್ಮಾನ, ಆಮೇಲೆ ಏಳನೇ ಅಧ್ಯಾಯದ ವಾಚನ ನಿನ್ನಿಂದಲೇ! ಅಮ್ಮನಿಗೆ ಮುಂದಿನ ಸಾಲಿನಲ್ಲಿ ಕುರ್ಚಿಯಂತೆ. ಅವಳು ಹೋಗಿಯೇ ಹೋಗುತ್ತಾಳೆ, ಊರಿನವರ ಮುಂದೆ ಕೂತು ಮತ್ತೊಮ್ಮೆ ಚಂದ ಬರೆದಿದ್ದಾನೆ ಎನ್ನುತ್ತಾಳೆ. ಅದನ್ನು ನಾನು ನೋಡಲಾರೆ. ಆ ಅಧ್ಯಾಯವನ್ನು ಓದಬೇಡ. ಓದಿದರೆ ಸಭೆಯ ಮಧ್ಯದಲ್ಲಿ ಎದ್ದು ನಿಂತು ನಾನು ಉಳಿದದ್ದನ್ನು ಹೇಳುತ್ತೇನೆ, ನನ್ನ ಗಂಟಲು ಎಂಥದ್ದೆಂದು ನಿನಗೆ ಗೊತ್ತು.

ಬೈದದ್ದು ಸಾಕು. ತೃಪ್ತಿಗೆ ನನ್ನ ನೆನಪು ಹೇಳು, ಕಳೆದ ಸಲ ಅವಳು ಕಳಿಸಿದ ಪೇಡ ಜಗಲಿಯವರೆಲ್ಲ ಹಂಚಿಕೊಂಡು ತಿಂದೆವು. ಬೆನ್ನಿಗೆ ಎಣ್ಣೆ ಹಚ್ಚಿಸಿಕೋ. ದೇವರು ನಿನಗೆ ಆರೋಗ್ಯವನ್ನೂ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ವಸುಮತಿ

ಮರೆತ ಮಾತು: ಕಾಗದ ಮಡಚುವಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಓದು ಬಾರದಿದ್ದರೇನು, ನನ್ನ ಮುಖ ನೋಡಿಯೇ ತಿಳಿದುಕೊಂಡಳು. "ಅಪ್ಪನ ಹೆಸರು ಬರ್ದಿದ್ರೆ ಹೊಡೆದು ಹಾಕು. ನಾನೇ ಸುಟ್ಟದ್ದು ಅಂತ ಇರ್ಲಿ. ತೀರಿಹೋದವರ ಹತ್ರ ಅವ ಎಂತ ಜಗಳ ಮಾಡ್ಲಿಕ್ಕೆ ಉಂಟು? ನನ್ನ ಹತ್ರ ಆದ್ರೆ ಬಂದು ಮಾಡ್ಬಹುದಲ್ಲ. ಅದಕ್ಕಾದ್ರೂ ಬರ್ಲಿ," ಎಂದಳು. ನಾನು ಏನನ್ನೂ ಹೊಡೆದು ಹಾಕಿಲ್ಲ. ಸನ್ಮಾನದ ದಿನಕ್ಕೆ ಕಾಯಬೇಡ, ಅದಕ್ಕೆ ಮೊದಲೇ ಬಾ. ಬಂದು ಅವಳನ್ನೇ ಕೇಳು. ಅವಳು ಸುಳ್ಳು ಹೇಳುತ್ತಾಳೆ. ಆಗ ಅವಳ ಬಲಗೈ ಹಿಡಿದು ನೋಡು.