ಗೋಡೆ ಟಿಕೆಟ್ ತೆಗೆದುಕೊಂಡಿಲ್ಲ

ಮಗಳು ಪುಟ್ಟಿಗೆ ಅಪ್ಪನ ಆಶೀರ್ವಾದ.

ಮೊದಲು ಒಂದು ತಿದ್ದುಪಡಿ. ಅರಮನೆಯ ಗೈಡ್ ಪರೀಕ್ಷೆಯಲ್ಲಿ ನಾನು ಅನುತ್ತೀರ್ಣನಾದದ್ದು ಪರೀಕ್ಷಕರ ಪಕ್ಷಪಾತದಿಂದ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಅದು ಸರಿಯಲ್ಲ. ಪರೀಕ್ಷಕರು ನ್ಯಾಯವಾಗಿಯೇ ನಡೆದುಕೊಂಡರು. ತಪ್ಪು ನನ್ನ ಬೆನ್ನಿನದು. ಇದನ್ನು ಒಪ್ಪಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಪತ್ರ ತಡವಾದದ್ದಕ್ಕೂ ಅದೇ ಕಾರಣ, ಕ್ಷಮೆ ಇರಲಿ.

ಪ್ರವಾಸೋದ್ಯಮ ಇಲಾಖೆಯವರು ನಮ್ಮ ರಾಜ್ಯವನ್ನು ‘ಕೋಟೆ, ಕಾಡು, ಕಡಲು: ನಾಲ್ಕೇ ದಿನದಲ್ಲಿ’ ಎಂದು ಸಾರಿ ಬಸ್ಸುಗಟ್ಟಲೆ ಜನರನ್ನು ಕರೆತರುತ್ತಾರಲ್ಲ, ಅಂಥ ಒಂದು ಬಸ್ಸಿನವರಿಗೆ ಅರಮನೆ ತೋರಿಸುವುದೇ ಪರೀಕ್ಷೆ. ದರ್ಬಾರಿನ ಭಿತ್ತಿಚಿತ್ರದ ಮುಂದೆ ನಿಂತು ರಾಜವಂಶದ ಒಂಬತ್ತು ತಲೆಮಾರುಗಳನ್ನು ಇಸವಿಸಹಿತ ವಿವರಿಸಿದೆ. ಒಂದು ಇಸವಿಯೂ ತಪ್ಪಲಿಲ್ಲ. ತಿರುಗಿ ನೋಡಿದರೆ ಮೂವತ್ತೊಂದು ಜನರಲ್ಲಿ ನಾಲ್ವರು ಉಳಿದಿದ್ದರು, ಮಿಕ್ಕವರು ಹೊರಗೆ ಚಹಾದಂಗಡಿಯಲ್ಲಿದ್ದರು. ಅವರಲ್ಲಿ ಇಬ್ಬರು ಪರೀಕ್ಷಕರು. ಮೂವತ್ತಾರು ವರ್ಷ ಕಪ್ಪು ಹಲಗೆಗೆ ಮುಖಮಾಡಿದವನು ಅಲ್ಲಿಯೂ ಗೋಡೆಗೇ ಪಾಠ ಹೇಳಿದ್ದೆ.

ಅಲ್ಲಿಯ ಹಿರಿಯ ಗೈಡ್ ನಿನಗೆ ಗೊತ್ತಿರುವವಳೇ. ಶಾಲೆಯಲ್ಲಿ ನಿನಗಿಂತ ಎರಡು ತರಗತಿ ಮುಂದಿದ್ದ, ನಾನು ‘ರೇಡಿಯೊ’ ಎಂದು ಹೆಸರಿಟ್ಟು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದ ಹುಡುಗಿ. “ಮೇಷ್ಟ್ರೇ, ಗೋಡೆ ಟಿಕೆಟ್ ತಗೊಂಡಿಲ್ಲ. ತಗೊಂಡೋರು ನಿಮ್ಮ ಬೆನ್ನ ಹಿಂದೆ ಇದ್ರು,” ಎಂದಳು.

ಅರವತ್ತೆಂಟು ತುಂಬಿದವರನ್ನು ಇಲಾಖೆ ಪರೀಕ್ಷೆಗೆ ಕೂರಿಸುವುದಿಲ್ಲ. ನನಗೆ ಉಳಿದದ್ದು ಈ ಜನವರಿಯ ಸರದಿಯೊಂದೇ. ನಾಚಿಕೆ ಬಿಟ್ಟು, ಕಲಿಸು ಎಂದು ಅವಳನ್ನೇ ಕೇಳಿದೆ. ಗೈಡುಗಳು ಹಿಮ್ಮುಖವಾಗಿ ನಡೆಯುತ್ತಾರೆ, ಪುಟ್ಟಿ. ಮುಖ ಜನರ ಕಡೆಗೆ, ಹೆಜ್ಜೆ ಹಿಂದಕ್ಕೆ. ಹೊಸ್ತಿಲು, ಮೆಟ್ಟಿಲು, ಕಂಬ ಎಲ್ಲವೂ ಹಿಮ್ಮಡಿಗೆ ಬಾಯಿಪಾಠವಾಗಿರಬೇಕು. ಪ್ರತಿ ಬೆಳಗ್ಗೆ ಅರಮನೆಯ ಬಾಗಿಲು ತೆರೆಯುವ ಮುನ್ನ ಅಭ್ಯಾಸ. ಎರಡು ಸಲ ಬಿದ್ದೆ.

“ಇಸವಿ ಬಿಡಿ ಮೇಷ್ಟ್ರೇ, ನನ್ನ ಮುಖ ನೋಡಿ. ನಂಗೆ ಬೇಜಾರಾಗಿದೆಯಾ ಇಲ್ವಾ, ಹೇಳಿ.”

“ಆಗಿದೆ.”

“ಯಾವಾಗಿಂದ?”

“ಎಂಟನೇ ತರಗತಿಯಿಂದ.”

ಅವಳು ನಗುತ್ತ ಕಂಬಕ್ಕೆ ಒರಗಿಬಿಟ್ಟಳು.

ಇಂದು ಬೆಳಗ್ಗೆ ಪರೀಕ್ಷೆಯಾಯಿತು. ಮೂವತ್ನಾಲ್ಕು ಜನ. ದರ್ಬಾರಿನ ಮರದ ಕಂಬಗಳಲ್ಲಿ ಕೊನೆಯದರ ಕೆತ್ತನೆ ಅರ್ಧಕ್ಕೆ ನಿಂತಿದೆ. ರಾಜನ ಮರಣದಿಂದ ಕೆಲಸ ನಿಂತಿತೆಂದು ಕೈಪಿಡಿ ಹೇಳುತ್ತದೆ, ಅದನ್ನೇ ಹೇಳುತ್ತಿದ್ದೆ. ಗುಂಪಿನಲ್ಲಿ ಒಬ್ಬ ವೃದ್ಧೆ ತಲೆ ಓರೆಮಾಡಿ, ಒಪ್ಪದವರಂತೆ ಕಂಬವನ್ನು ನೋಡುತ್ತಿದ್ದುದು ಕಣ್ಣಿಗೆ ಬಿತ್ತು. ಮಾತು ನಿಲ್ಲಿಸಿ, ಏನಮ್ಮ ಎಂದು ಕೇಳಿದೆ.

“ನಾನು ಬಡಗಿ ಮಗಳಪ್ಪ. ಅಲ್ಲಿ ಮರದ ಗಂಟು ಸಿಕ್ಕಿದೆ, ಉಳಿ ಇಳಿದಿಲ್ಲ. ಕೆತ್ತೋನು ಬಿಟ್ಟೆದ್ದು ಹೋಗಿದ್ದಾನೆ. ಪಾಪ, ರಾಜ ಯಾಕೆ ಸಾಯಬೇಕು?”

ಮೂವತ್ನಾಲ್ಕು ಜನರೂ ಕಂಬವನ್ನು ಸುತ್ತುವರಿದು ಗಂಟು ಹುಡುಕಿದರು. ಸಿಕ್ಕಿತು. ಆಮೇಲೆ ಒಬ್ಬರೂ ಚಹಾದ ಕಡೆ ಹೋಗಲಿಲ್ಲ. ನಲವತ್ತೆರಡು ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಹತ್ತಿದೆ. ಉಪ್ಪರಿಗೆಯ ದೊಡ್ಡ ಕಿಟಕಿಯಲ್ಲಿ ನದಿ, ಊರು, ಕೋಟೆ ಒಟ್ಟಿಗೆ ಕಾಣುತ್ತವೆ. ನದಿ ನನ್ನ ಬೆನ್ನಿಗಿತ್ತು. ಮೂವತ್ನಾಲ್ಕು ಮುಖಗಳು ಒಮ್ಮೆಗೇ ಅರಳಿದ್ದನ್ನು ನೋಡಿದೆ. ಅಷ್ಟು ಚೆಂದದ ದೃಶ್ಯ ಆ ಅರಮನೆಯಲ್ಲಿ ಬೇರೊಂದಿಲ್ಲ.

ನೂರಕ್ಕೆ ತೊಂಬತ್ತೊಂದು ಅಂಕ. ಮುಖ್ಯ ಪರೀಕ್ಷಕರೇ ಗೈಡಿನ ಬಿಲ್ಲೆಯನ್ನು ನನ್ನ ಅಂಗಿಗೆ ಸಿಕ್ಕಿಸಿದರು. ರೇಡಿಯೊ ಅದನ್ನು ನೆಟ್ಟಗೆ ಮಾಡಿ, “ನಾಳೆಯಿಂದ ಬಾಗಿಲ ಹೊರಗೆ ನಿಲ್ಲೋದು ನೀವು, ಮೇಷ್ಟ್ರೇ. ಬಸ್ಸು ಒಂಬತ್ತಕ್ಕೆ ಬರುತ್ತೆ,” ಎಂದಳು.

ನೀನೂ ಅಳಿಯಂದಿರೂ ಮಗುವೂ ಸುಖವಾಗಿರಿ. ಬಿಡುವು ಮಾಡಿಕೊಂಡು ಬನ್ನಿ, ಅರಮನೆ ತೋರಿಸುತ್ತೇನೆ.

ಇಂತು,
ನಿನ್ನ ಅಪ್ಪ

ತಾ.ಕ.: ಇನ್ನೊಂದು ತಿದ್ದುಪಡಿ ಉಳಿದಿದೆ. ಅರಮನೆಯನ್ನು ನಿನ್ನ ಅಮ್ಮನಿಗೆ ನಾನೇ ತೋರಿಸಿದ್ದೆನೆಂದು ಅವಳು ಹೋದ ಮೇಲೂ ಹೇಳಿಕೊಂಡು ಬಂದಿದ್ದೇನೆ. ಮದುವೆಯಾದ ವರ್ಷ ಹೋಗಿದ್ದೆವು, ನಿಜ. ನಾನು ಇಸವಿಗಳನ್ನು ಹೇಳುತ್ತ ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಆ ಕಿಟಕಿಯಲ್ಲಿ ನದಿ ಕಂಡಾಗ ಅವಳ ಮುಖ ಹೇಗಿತ್ತೆಂದು ಇಂದು ನೆನೆಯಲು ಹೋದೆ. ನಾನು ನೋಡಿಯೇ ಇಲ್ಲ. ಅವಳಿದ್ದಾಗ ನಿನ್ನೊಡನೆ ಆ ದಿನದ ಮಾತೇನಾದರೂ ಆಡಿದ್ದಳೆ? ಆಡಿದ್ದರೆ ನೆನಪಿದ್ದಷ್ಟು ಬರೆ. ನಾನು ತಿದ್ದುವುದಿಲ್ಲ.

9 ಜನವರಿ 2019, ಬುಧವಾರ, ಸಂಜೆ 5 ಗಂಟೆ 20 ನಿಮಿಷ